ಹೊಯ್ಸಳ ವಾಹನದ ಆಯುಷ್ಯ ಹದಿನೈದು ವರ್ಷವೇ?

ಬೆಂಗಳೂರು ಪೊಲೀಸರಿಗೆ ಹೊಸ ವಾಹನಗಳು ಬಂದರೆ ಅದು ಊರಿಗೆಲ್ಲ ತಿಳಿಯುತ್ತದೆ. ತೊಳೆದು ಹೊಳಪಿಸಿದ ಗಾಡಿಗಳು ಸಾಲಾಗಿ ನಿಲ್ಲುತ್ತವೆ. ಬಾನೆಟ್ಟಿಗೆ ಹೂವಿನ ಹಾರ, ನೆತ್ತಿಯ ಮೇಲೆ ಮಿನುಗುವ ದೀಪ. ಮುಖ್ಯಮಂತ್ರಿಯವರೋ ಗೃಹ ಸಚಿವರೋ ಹಸಿರು ನಿಶಾನೆ ತೋರುತ್ತಾರೆ, ಮರುದಿನದ ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ಅದೇ ಗಾಡಿ ಕೆಲವು ವರ್ಷಗಳ ಬಳಿಕ ರಾತ್ರಿ ಎರಡು ಗಂಟೆಯಲ್ಲಿ ಸ್ಟಾರ್ಟ್ ಆಗದೆ ಠಾಣೆಯ ಮುಂದೆ ನಿಂತಾಗ ಚಿತ್ರ ತೆಗೆಯುವವರು ಯಾರೂ ಇರುವುದಿಲ್ಲ. ಎಷ್ಟು ವಾಹನ ಬಂದವು ಎಂಬ ಲೆಕ್ಕ ಸಾರ್ವಜನಿಕವಾಗಿ ಸಿಗುತ್ತದೆ. ಅವು ಯಾವ ವರ್ಷ ಹೊರಹೋಗಬೇಕು, ಅವುಗಳ ಜಾಗಕ್ಕೆ ಬರುವ ವಾಹನಗಳಿಗೆ ಹಣ ಯಾವ ವರ್ಷದ ಬಜೆಟ್ಟಿನಲ್ಲಿ ಇರಬೇಕು ಎಂಬ ಲೆಕ್ಕ ಮಾತ್ರ ನಿಶಾನೆ ತೋರುವ ವೇದಿಕೆಯ ಮೇಲೆ ಎಂದೂ ಕೇಳಿಬರುವುದಿಲ್ಲ.

ಈ ಪ್ರಶ್ನೆಗೆ ಕೇಂದ್ರ ಸರ್ಕಾರ 2023ರಲ್ಲಿ ಉತ್ತರ ಕೊಟ್ಟುಬಿಟ್ಟಿತು ಎಂಬ ಭಾವನೆ ಸರ್ಕಾರಿ ವಲಯದಲ್ಲಿ ಇರುವಂತೆ ಕಾಣುತ್ತದೆ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ ಆ ವರ್ಷದ ಜನವರಿಯಲ್ಲಿ ಹೊರಡಿಸಿದ ಅಧಿಸೂಚನೆಯಂತೆ, 15 ವರ್ಷ ತುಂಬಿದ ಕೇಂದ್ರ ಹಾಗೂ ರಾಜ್ಯ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನವೀಕರಿಸುವಂತಿಲ್ಲ. ಅಂಥ ವಾಹನಗಳನ್ನು ನೋಂದಾಯಿತ ಗುಜರಿ ಕೇಂದ್ರಗಳಿಗೇ ಕಳುಹಿಸಬೇಕು. ಖಾಸಗಿ ಕಾರಿನ ಮಾಲೀಕ 15 ವರ್ಷದ ನಂತರ ಯೋಗ್ಯತಾ ಪರೀಕ್ಷೆ ಮಾಡಿಸಿ ಮತ್ತೆ ಐದು ವರ್ಷಕ್ಕೆ ನೋಂದಣಿ ಪಡೆಯಬಹುದು. 'ಜಿ' ಸರಣಿಯ ಫಲಕ ಹೊತ್ತ ಸರ್ಕಾರಿ ಗಾಡಿಗೆ ಆ ಅವಕಾಶ ಉಳಿದಿಲ್ಲ.

ಪೊಲೀಸರಿಗೆ ವಿನಾಯಿತಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ, ಆದರೆ ಅದು ಕಿರಿದು. ದೇಶದ ರಕ್ಷಣೆ, ಕಾನೂನು ಸುವ್ಯವಸ್ಥೆ ಮತ್ತು ಆಂತರಿಕ ಭದ್ರತೆಯ ಕಾರ್ಯಾಚರಣೆಗೆ ಬಳಸುವ ಶಸ್ತ್ರಸಜ್ಜಿತ, ಗುಂಡುನಿರೋಧಕ ಮಾದರಿಯ ವಿಶೇಷ ವಾಹನಗಳಿಗೆ ಮಾತ್ರ ನಿಯಮ ಅನ್ವಯಿಸದು. ಗಲಭೆ ನಿಯಂತ್ರಣಕ್ಕೆಂದೇ ಕಟ್ಟಿದ ವಾಹನ, ಜಲಫಿರಂಗಿ ಹೊತ್ತ ವಾಹನಗಳು ಈ ಸಾಲಿಗೆ ಸೇರುತ್ತವೆಂದು ವಾದಿಸಬಹುದು. ಮಾರುಕಟ್ಟೆಯಲ್ಲಿ ಎಲ್ಲರಿಗೂ ಸಿಗುವ ಕಾರಿಗೆ ಬಣ್ಣ ಬಳಿದು, ದೀಪ ಕೂರಿಸಿ, ವೈರ್‌ಲೆಸ್ ಇಟ್ಟ ಗಸ್ತಿನ ಗಾಡಿಯನ್ನು ವಿಶೇಷ ವಾಹನ ಎನ್ನುವುದು ಕಷ್ಟ.

ಹಾಗಾಗಿ 15 ವರ್ಷ ಎಂಬುದು ಇಲಾಖೆಯ ಪಾಲಿಗೆ ಕಾನೂನಿನ ಕೊನೆಯ ಗೆರೆ. ಅಪಾಯವಿರುವುದು ಕೊನೆಯ ಗೆರೆಯನ್ನೇ ಯೋಜನೆ ಎಂದು ಭಾವಿಸುವುದರಲ್ಲಿ. ತಿಂಗಳಿಗೆ ನಾಲ್ಕು ಬಾರಿ ಹೊರಬರುವ ತರಬೇತಿ ಶಾಲೆಯ ಬಸ್ಸಿಗೂ, ದಿನದ 24 ಗಂಟೆ ಮೂರು ಪಾಳಿಯಲ್ಲಿ ಮೂವರು ಚಾಲಕರ ಕೈಯಲ್ಲಿ ಓಡುವ ಹೊಯ್ಸಳಕ್ಕೂ ಒಂದೇ ವಯಸ್ಸು ಕಟ್ಟುವುದು ಯಾವ ಲೆಕ್ಕ?

ಮೀಟರು ಹೇಳದ ಸವೆತ

ಸರಳ ಗಣಿತ ನೋಡೋಣ. ಗಸ್ತಿನ ವಾಹನವೊಂದು ದಿನಕ್ಕೆ 100 ಕಿ.ಮೀ. ಓಡುತ್ತದೆ ಎಂದು ಇಟ್ಟುಕೊಳ್ಳಿ. ಮೂರು ಪಾಳಿಗಳಿಗೆ ಹಂಚಿದರೆ ಇದು ಪಾಳಿಗೆ 33 ಕಿ.ಮೀ. ಮಾತ್ರ, ಉತ್ಪ್ರೇಕ್ಷೆಯಲ್ಲ. ವರ್ಷಕ್ಕೆ 36,500 ಕಿ.ಮೀ. ಆಯಿತು. ಕೇಂದ್ರ ಸರ್ಕಾರಿ ಇಲಾಖೆಗಳಲ್ಲಿ ಲಘು ವಾಹನಗಳನ್ನು ನಿರುಪಯುಕ್ತವೆಂದು ಘೋಷಿಸಲು ಬಹುಕಾಲದಿಂದ ಬಳಕೆಯಲ್ಲಿರುವ ಅಳತೆಗೋಲು ಆರೂವರೆ ವರ್ಷ ಮತ್ತು 1.5 ಲಕ್ಷ ಕಿ.ಮೀ. ಇವೆರಡರಲ್ಲಿ ಯಾವುದು ತಡವಾಗಿ ಬರುತ್ತದೆಯೋ ಅದು ಲೆಕ್ಕಕ್ಕೆ. ನಮ್ಮ ಉದಾಹರಣೆಯ ಗಾಡಿ ನಾಲ್ಕು ವರ್ಷ ದಾಟುತ್ತಿದ್ದಂತೆ 1.5 ಲಕ್ಷ ಕಿ.ಮೀ. ಮುಟ್ಟುತ್ತದೆ, ಆರೂವರೆ ವರ್ಷಕ್ಕೆ ಸುಮಾರು 2.37 ಲಕ್ಷ. ಅದನ್ನೇ 15 ವರ್ಷ ಓಡಿಸಿದರೆ ಐದೂವರೆ ಲಕ್ಷಕ್ಕೆ ಸ್ವಲ್ಪ ಕಡಿಮೆ. ನಗರದ ಸಂದಣಿಯಲ್ಲಿ, ಕ್ಲಚ್ಚು ಬ್ರೇಕುಗಳ ಮೇಲೆಯೇ ದಿನ ಕಳೆಯುವ ಕಾರೊಂದು ಐದೂವರೆ ಲಕ್ಷ ಕಿ.ಮೀ. ಬಾಳುತ್ತದೆ ಎಂದು ನಂಬಿ ಅದರಲ್ಲಿ ಕಳ್ಳನನ್ನು ಹಿಡಿಯಲು ಹೊರಡುವ ಧೈರ್ಯ ಯಾರಿಗಿದೆ?

ಮೀಟರು ತೋರುವ ಅಂಕಿಯೂ ಪೂರ್ಣ ಸತ್ಯವಲ್ಲ. ಗಸ್ತಿನ ವಾಹನದ ಹೆಚ್ಚಿನ ದುಡಿಮೆ ನಿಂತಲ್ಲೇ ನಡೆಯುತ್ತದೆ. ವೃತ್ತದಲ್ಲಿ, ಬಂದೋಬಸ್ತಿನ ಸ್ಥಳದಲ್ಲಿ, ಶಾಲೆ ಕಾಲೇಜು ಬಿಡುವ ಹೊತ್ತಿನಲ್ಲಿ ಇಂಜಿನ್ ಓಡುತ್ತಿರುತ್ತದೆ, ಚಕ್ರ ಉರುಳುವುದಿಲ್ಲ. ದೀಪ, ವೈರ್‌ಲೆಸ್, ಟ್ಯಾಬ್ಲೆಟ್ ಎಲ್ಲಕ್ಕೂ ಬ್ಯಾಟರಿಯ ಆಸರೆ ಬೇಕು. ಬ್ಯಾಟರಿ ಸೋಲದಿರಲು ಇಂಜಿನ್ ಬೇಕು. ಅಮೆರಿಕದಲ್ಲಿ ಪೊಲೀಸರಿಗೆಂದೇ ವಾಹನ ತಯಾರಿಸುವ ಫೋರ್ಡ್ ಕಂಪನಿ ಇದಕ್ಕೊಂದು ಅಂದಾಜು ಕೊಟ್ಟಿದೆ: ಇಂಜಿನ್ ಒಂದು ಗಂಟೆ ನಿಂತಲ್ಲೇ ಓಡಿದರೆ ಅದು 33 ಮೈಲಿ, ಅಂದರೆ ಸುಮಾರು 53 ಕಿ.ಮೀ. ಓಡಿದ್ದಕ್ಕೆ ಸಮನಾದ ಸವೆತ. ಅಲ್ಲಿನ ದೊಡ್ಡ ಇಂಜಿನ್‌ಗಳ ಲೆಕ್ಕವನ್ನು ನಮ್ಮ ಸಣ್ಣ ಕಾರುಗಳಿಗೆ ಹಾಗೆಯೇ ಅಂಟಿಸಲಾಗದು. ಆದರೂ ದಿಕ್ಕು ತಿಳಿಯಲು ಸಾಕು. ದಿನಕ್ಕೆ ನಾಲ್ಕು ಗಂಟೆ ಹೀಗೆ ನಿಂತರೆ 212 ಕಿ.ಮೀ. ಲೆಕ್ಕಕ್ಕೆ ಸೇರುತ್ತದೆ, 100 ಕಿ.ಮೀ. ಓಡಿದ ಗಾಡಿ ಒಳಗೊಳಗೆ 300 ಕಿ.ಮೀ. ಮೀರಿ ಸವೆದಿರುತ್ತದೆ. ಹಳೆ ಕಾರು ಕೊಳ್ಳುವವರು ಮೀಟರು ನೋಡಿ ಮೋಸ ಹೋಗುವುದುಂಟು. ಇಲ್ಲಿ ಸರ್ಕಾರ ತನ್ನದೇ ವಾಹನದ ಮೀಟರು ನೋಡಿ ಮೋಸ ಹೋಗುತ್ತದೆ.

ನಮ್ಮ ಊರಿನಲ್ಲೇ ಇದಕ್ಕಿಂತ ಉತ್ತಮವಾದ ಸಂಪ್ರದಾಯವಿದೆ. ರಸ್ತೆ ಸಾರಿಗೆ ನಿಗಮಗಳ ಡಿಪೊಗಳಲ್ಲಿ ಬಸ್ಸಿನ ಆಯುಷ್ಯವನ್ನು ಲಕ್ಷ ಕಿ.ಮೀ.ಗಳಲ್ಲಿ ಅಳೆಯುವುದು, ಪ್ರತಿ ಕಿ.ಮೀ.ಗೆ ತಗಲಿದ ವೆಚ್ಚ ಬರೆದಿಡುವುದು ಹಳೆಯ ರೂಢಿ. ಕೆಎಸ್‌ಆರ್‌ಟಿಸಿ ಹಳೆಯ ಬಸ್ಸುಗಳನ್ನು ತನ್ನದೇ ಕಾರ್ಯಾಗಾರಗಳಲ್ಲಿ ಪುನಶ್ಚೇತನಗೊಳಿಸಿ ರಸ್ತೆಗಿಳಿಸಿದ್ದೂ ಇದೆ. ಯಾವ ಬಸ್ಸಿಗೆ ಮರುಜೀವ ಕೊಡಬೇಕು, ಯಾವುದನ್ನು ಗುಜರಿಗೆ ಹಾಕಬೇಕು ಎಂದು ತೀರ್ಮಾನಿಸಲು ಮೊದಲು ಲೆಕ್ಕ ಕೈಯಲ್ಲಿರಬೇಕು. ಬಸ್ಸು ದುಡಿದು ತರುತ್ತದೆ, ಆದ್ದರಿಂದ ಅದು ನಿಂತ ದಿನದ ನಷ್ಟ ಸಂಜೆಯ ಹೊತ್ತಿಗೇ ಕಾಣುತ್ತದೆ. ಪೊಲೀಸ್ ವಾಹನ ನಿಂತರೆ ಆಗುವ ನಷ್ಟ ಯಾವ ಖಾತೆಯಲ್ಲೂ ಬರುವುದಿಲ್ಲ.

ಒಟ್ಟಿಗೆ ಬಂದವು ಒಟ್ಟಿಗೆ ಮುದಿಯಾಗುತ್ತವೆ

2017ರ ಏಪ್ರಿಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳ ಸುರಕ್ಷತೆಗೆಂದು 51 'ಪಿಂಕ್ ಹೊಯ್ಸಳ' ವಾಹನಗಳಿಗೆ ಅಂದು ಮೊದಲ ಅವಧಿಯ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಚಾಲನೆ ನೀಡಿದರು. ಒಳ್ಳೆಯ ಯೋಜನೆಯೇ. ಆದರೆ 51 ವಾಹನಗಳು ಒಂದೇ ದಿನ ಕೆಲಸಕ್ಕೆ ಇಳಿದರೆ ಅವು ಹೆಚ್ಚುಕಡಿಮೆ ಒಂದೇ ವರ್ಷ ಕ್ಲಚ್ ಕೇಳುತ್ತವೆ, ಒಂದೇ ವರ್ಷ ಟೈರು ಕೇಳುತ್ತವೆ, ಒಂದೇ ವರ್ಷ ಕೈಕೊಡುತ್ತವೆ. 2023ರ ನಿಯಮದ ಪ್ರಕಾರ ಆ ತಂಡಕ್ಕೆ 2032ರವರೆಗೆ ಕಾನೂನಿನ ಬದುಕಿದೆ. ದಿನಕ್ಕೆ 100 ಕಿ.ಮೀ. ಎಂಬ ನಮ್ಮ ಅಂದಾಜನ್ನು ಅದಕ್ಕೆ ಹಚ್ಚಿದರೆ, 1.5 ಲಕ್ಷ ಕಿ.ಮೀ.ಯ ಗೆರೆ 2021ರಲ್ಲೇ ಬಂದು ಹೋಗಿದೆ. ಈ ಎರಡು ಇಸವಿಗಳ ನಡುವಿನ 11 ವರ್ಷಗಳಲ್ಲಿ ಯಾವುದನ್ನು ಆರಿಸಬೇಕು ಎಂಬುದೇ ಬದಲಿ ವೇಳಾಪಟ್ಟಿಯ ಪ್ರಶ್ನೆ.

ದೊಡ್ಡ ಸಂಖ್ಯೆಯಲ್ಲಿ ನೋಡಿದರೆ ಚಿತ್ರ ಇನ್ನಷ್ಟು ಸ್ಪಷ್ಟ. ಒಂದು ನಗರದ ಬಳಿ 600 ಗಸ್ತು ವಾಹನಗಳಿವೆ, ಪ್ರತಿಯೊಂದಕ್ಕೂ ಸಾಧನಗಳೂ ಸೇರಿ 12 ಲಕ್ಷ ರೂ., ಉಪಯುಕ್ತ ಆಯುಷ್ಯ ಆರು ವರ್ಷ ಎಂದುಕೊಳ್ಳೋಣ. ವರ್ಷಕ್ಕೆ 100 ವಾಹನ ಬದಲಿಸುತ್ತ ಹೋದರೆ ಬೇಕಾದದ್ದು ವರ್ಷಕ್ಕೆ 12 ಕೋಟಿ ರೂ. ಒಂದೇ ಬಾರಿಗೆ ಕೊಂಡರೆ 72 ಕೋಟಿ, ಮುಂದಿನ ಐದು ವರ್ಷ ಸೊನ್ನೆ. ಒಟ್ಟು ಮೊತ್ತ ಎರಡರಲ್ಲೂ ಒಂದೇ. ಆದರೆ ಆರನೆಯ ವರ್ಷ 72 ಕೋಟಿಯ ಕಡತ ಮೇಜಿಗೆ ಬಂದಾಗ ಆರ್ಥಿಕ ಇಲಾಖೆ ಏನು ಹೇಳುತ್ತದೆ ಎಂಬುದನ್ನು ವಿಧಾನಸೌಧದ ಮೆಟ್ಟಿಲು ಹತ್ತಿದವರೆಲ್ಲ ಬಲ್ಲರು. ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ. ಆ ಮುಂದಿನ ವರ್ಷ ಚುನಾವಣೆ. ಅದರ ಮುಂದಿನ ವರ್ಷ ಬರಗಾಲವೋ ನೆರೆಯೋ. ಅಷ್ಟರಲ್ಲಿ 600 ಗಾಡಿಗಳೂ ಒಟ್ಟಿಗೆ ಮುದಿಯಾಗಿರುತ್ತವೆ.

ಈಗಾಗಲೇ ಒಂದೇ ವಯಸ್ಸಿನ ವಾಹನಗಳನ್ನು ಇಟ್ಟುಕೊಂಡಿರುವ ನಗರ ಈ ಸುಳಿಯಿಂದ ಹೊರಬರುವುದು ಸುಲಭವಲ್ಲ ಎಂಬುದನ್ನೂ ಹೇಳಬೇಕು. ಮೊದಲ ಸುತ್ತಿನಲ್ಲಿ ಕೆಲವು ಗಾಡಿಗಳನ್ನು ಇನ್ನೂ ಗಟ್ಟಿಯಿರುವಾಗಲೇ ಬಿಟ್ಟುಕೊಡಬೇಕಾಗುತ್ತದೆ. ಕೆಲವನ್ನು ದುರಸ್ತಿ ಮಾಡಿಸಿ ಅವಧಿ ಮೀರಿ ಓಡಿಸಬೇಕಾಗುತ್ತದೆ. ಗಟ್ಟಿಯಿರುವುದನ್ನು ಹರಾಜಿಗೆ ಹಾಕಿದರೆ ಲೆಕ್ಕಪರಿಶೋಧಕರು ಆಕ್ಷೇಪಿಸಬಹುದು. ಅವಧಿ ಮೀರಿದ್ದನ್ನು ಓಡಿಸಿ ಅಪಘಾತವಾದರೆ ಹೊಣೆ ಚಾಲಕನ ತಲೆಗೆ. ಹೀಗಾಗಿ ಯಾವ ಅಧಿಕಾರಿಗೂ ಮೊದಲ ಹೆಜ್ಜೆ ಇಡುವ ಆತುರವಿಲ್ಲ. ಲಿಖಿತ ಯೋಜನೆಯೊಂದು ಸರ್ಕಾರದ ಆದೇಶವಾಗಿ ಇದ್ದರೆ ಮಾತ್ರ ಈ ಭಯ ಕಡಿಮೆಯಾದೀತು.

ದುರಸ್ತಿಗೆ ಹಣವಿದೆ, ಬದಲಿಗೆ ಇಲ್ಲ

ಬಜೆಟ್ಟಿನ ರಚನೆಯೇ ವಾಹನವನ್ನು ಹಳೆಯದಾಗಲು ಬಿಡುತ್ತದೆ. ಇಂಧನ, ಟೈರು, ಬಿಡಿಭಾಗ, ದುರಸ್ತಿ ಇವು ಪ್ರತಿವರ್ಷದ ನಿರ್ವಹಣಾ ವೆಚ್ಚ. ಕಡಿಮೆಯೋ ಹೆಚ್ಚೋ, ಬಂದೇ ಬರುತ್ತದೆ. ಹೊಸ ವಾಹನ ಖರೀದಿಗೆ ಪ್ರತ್ಯೇಕ ಮಂಜೂರಾತಿ ಬೇಕು, ಟೆಂಡರ್ ಬೇಕು, 1999ರ ಪಾರದರ್ಶಕತೆ ಕಾಯ್ದೆಯ ವಿಧಿವಿಧಾನಗಳು ಮುಗಿಯಬೇಕು. ಆದ್ದರಿಂದ ಕಾರ್ಯಾಗಾರದಲ್ಲಿ ಎರಡು ಲಕ್ಷ ಖರ್ಚು ಮಾಡುವುದು ಸಲೀಸು, ಎರಡು ಲಕ್ಷ ಉಳಿಸಲು ಹೊಸ ಗಾಡಿ ಕೇಳುವುದು ಕಷ್ಟ.

ವಾಹನವನ್ನು ಯಾವಾಗ ಬದಲಿಸಿದರೆ ಅಗ್ಗ ಎಂಬುದಕ್ಕೆ ಲೆಕ್ಕವಿದೆ. ಬೇಗ ಮಾರಿದರೆ ಕೊಂಡ ಬೆಲೆಯ ಹೊರೆ ಕೆಲವೇ ವರ್ಷಗಳ ಮೇಲೆ ಬೀಳುತ್ತದೆ. ತಡವಾಗಿ ಮಾರಿದರೆ ದುರಸ್ತಿ ನುಂಗುತ್ತದೆ. ಅದೇ 12 ಲಕ್ಷದ ಗಾಡಿಯ ಉದಾಹರಣೆಯನ್ನೇ ಮುಂದುವರಿಸೋಣ. ಅಂಕಿಗಳು ತಿಳಿವಳಿಕೆಗಾಗಿ ಮಾತ್ರ. ಮೂರು ವರ್ಷಕ್ಕೆ 5 ಲಕ್ಷಕ್ಕೆ ಮಾರಿದರೆ ವರ್ಷಕ್ಕೆ 2.33 ಲಕ್ಷ ಬೆಲೆ ಕರಗಿತು, ಸರಾಸರಿ ದುರಸ್ತಿ 40 ಸಾವಿರ, ಒಟ್ಟು 2.73 ಲಕ್ಷ. ಆರು ವರ್ಷಕ್ಕೆ 2.5 ಲಕ್ಷಕ್ಕೆ ಮಾರಿದರೆ ವರ್ಷಕ್ಕೆ 1.58 ಲಕ್ಷ, ದುರಸ್ತಿ ಸರಾಸರಿ 80 ಸಾವಿರ, ಒಟ್ಟು 2.38 ಲಕ್ಷ. ಹತ್ತು ವರ್ಷ ಇಟ್ಟುಕೊಂಡು ಲಕ್ಷಕ್ಕೆ ಕೊಟ್ಟರೆ ವರ್ಷಕ್ಕೆ 1.1 ಲಕ್ಷ, ದುರಸ್ತಿ 1.9 ಲಕ್ಷ, ಒಟ್ಟು 3 ಲಕ್ಷ. ಈ ಉದಾಹರಣೆಯಲ್ಲಿ ಆರು ವರ್ಷವೇ ಅಗ್ಗ. ನಿಜವಾದ ಗಾಡಿಗೆ ಅದು ಐದಾಗಬಹುದು, ಎಂಟಾಗಬಹುದು. ಕಾರ್ಯಾಗಾರದಲ್ಲಿ ಗಾಡಿ ಮಲಗಿದ ದಿನಗಳಿಗೆ ಇಲ್ಲಿ ಬೆಲೆಯನ್ನೇ ಕಟ್ಟಿಲ್ಲ. ಅದನ್ನೂ ಸೇರಿಸಿದರೆ ಅಗ್ಗದ ವರ್ಷ ಇನ್ನೂ ಹಿಂದಕ್ಕೆ ಸರಿಯುತ್ತದೆ.

ಕೇಂದ್ರದ ನೆರವು ಇಲ್ಲವೆಂದಲ್ಲ. ಪೊಲೀಸ್ ಪಡೆಗಳ ಆಧುನೀಕರಣ ಯೋಜನೆ 1969ರಿಂದ ಒಂದಲ್ಲ ಒಂದು ರೂಪದಲ್ಲಿ ನಡೆದುಬಂದಿದೆ. 2021-22ರಿಂದ 2025-26ರ ಅವಧಿಗೆ ರಾಜ್ಯ ಪೊಲೀಸ್ ಆಧುನೀಕರಣಕ್ಕೆಂದು 4,846 ಕೋಟಿ ರೂ. ಕೇಂದ್ರ ಪಾಲು ನಿಗದಿಯಾಗಿತ್ತು. ಹಳೆಯ ಸರ್ಕಾರಿ ವಾಹನಗಳನ್ನು ಗುಜರಿಗೆ ಕಳುಹಿಸುವ ರಾಜ್ಯಗಳಿಗೆ ಪ್ರೋತ್ಸಾಹವಾಗಿ 2023-24ರಲ್ಲಿ ಬಂಡವಾಳ ನೆರವಿನ ಯೋಜನೆಯಲ್ಲಿ 3,000 ಕೋಟಿ ರೂ. ಎತ್ತಿಡಲಾಗಿತ್ತು. ಇಂಥ ಹಣ ಬಂದ ವರ್ಷ ವಾಹನ ಬರುತ್ತವೆ, ಬಾರದ ವರ್ಷ ಇಲ್ಲ. ಅನುದಾನದ ಏರಿಳಿತವೇ ವಾಹನಗಳ ವಯಸ್ಸಿನ ಏರಿಳಿತವಾಗುತ್ತದೆ.

ಆಧುನೀಕರಣದ ಹಣದ ಉದ್ದೇಶ ಪಡೆಯ ಚಲನಶಕ್ತಿಯನ್ನು ಹೆಚ್ಚಿಸುವುದು. ಆದರೆ ಹೊಸ ವಾಹನಗಳು ಹಲವೆಡೆ ಹಳೆಯವುಗಳ ಜಾಗ ತುಂಬುವುದಕ್ಕೇ ಸರಿಹೋಗುತ್ತಿವೆ, ಜೊತೆಗೆ ಚಾಲಕರ ಕೊರತೆಯೂ ಇದೆ ಎಂದು ಮಹಾಲೇಖಪಾಲರ (ಸಿಎಜಿ) ವರದಿಗಳು ಗುರುತಿಸಿವೆ. 2015ರ ಜನವರಿಯಲ್ಲಿ ದೇಶದ ರಾಜ್ಯ ಪೊಲೀಸ್ ಪಡೆಗಳಿಗೆ ಬೇಕಿದ್ದ ವಾಹನಗಳು 2,35,339, ಇದ್ದವು 1,63,946. ಶೇ 30ರಷ್ಟು ಕೊರತೆ. 2020ರ ಜನವರಿಯ ಲೆಕ್ಕದಂತೆ ದೇಶದ 257 ಠಾಣೆಗಳಿಗೆ ವಾಹನವೇ ಇರಲಿಲ್ಲ. ಬದಲಿಗೆ ಬೇರೆ ಹಣ, ವಿಸ್ತರಣೆಗೆ ಬೇರೆ ಹಣ ಎಂಬ ವಿಂಗಡಣೆ ಇಲ್ಲದ ಕಡೆ ಎಷ್ಟು ಸುರಿದರೂ ಸಂಖ್ಯೆ ನಿಂತಲ್ಲೇ ನಿಲ್ಲುವುದು ಸಹಜ.

ಎಲ್ಲ ಗಾಡಿಗೂ ಒಂದೇ ಪಾಠವಲ್ಲ

ವೇಳಾಪಟ್ಟಿ ಎಂದರೆ ಎಲ್ಲವನ್ನೂ ಆರು ವರ್ಷಕ್ಕೆ ಎಸೆಯುವುದು ಎಂದು ಅರ್ಥವಲ್ಲ. ಸಿಬ್ಬಂದಿ ಸಾಗಿಸುವ ಬಸ್ಸು, ಕೈದಿಗಳ ಬೆಂಗಾವಲು ವ್ಯಾನು, ಅಧಿಕಾರಿಗಳ ಕಾರು, ಚೀತಾ ಬೈಕು, ಹೊಯ್ಸಳ ಇವುಗಳ ಬದುಕು ಬೇರೆ ಬೇರೆ. ನಾಲ್ಕು ವರ್ಷ ಗಸ್ತಿನಲ್ಲಿ ದುಡಿದ ಗಾಡಿಯನ್ನು ಸಮನ್ಸ್ ಜಾರಿ, ಕಚೇರಿ ಕೆಲಸದಂಥ ಹಗುರ ಕರ್ತವ್ಯಕ್ಕೆ ಇಳಿಸಿ ಇನ್ನೆರಡು ಮೂರು ವರ್ಷ ಬಳಸಬಹುದು. ಕಚೇರಿಗೆ ಹೊಸದು, ಠಾಣೆಗೆ ಹಳೆಯದು ಎಂಬ ಗೊಣಗಾಟ ಇಲಾಖೆಯಷ್ಟೇ ಹಳೆಯದು. ಈ ಸರದಿ ಅದನ್ನು ತಲೆಕೆಳಗು ಮಾಡುತ್ತದೆ. ಹಾಗಾಗಿಯೇ ಇದು ಕಾಗದದ ಮೇಲೆ ಸುಲಭ, ಕಾರಿಡಾರಿನಲ್ಲಿ ಕಷ್ಟ.

ಕಂಪನಿಗಳ ನಡೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 2014ರ ಮೇ ತಿಂಗಳಲ್ಲಿ ಉತ್ತರಪಾಡಾದಲ್ಲಿ ಅಂಬಾಸಡರ್ ತಯಾರಿಕೆ ನಿಂತಿತು. ಪೊಲೀಸರ ಅಚ್ಚುಮೆಚ್ಚಿನ ಜಿಪ್ಸಿ, ಸುಮೊ ಎರಡೂ 2019ರ ಹೊತ್ತಿಗೆ ಮಾರುಕಟ್ಟೆಯಿಂದ ಮರೆಯಾದವು. ಅಮೆರಿಕದಲ್ಲಿ 2011ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ 'ಕ್ರೌನ್ ವಿಕ್ಟೋರಿಯಾ' ಕಾರನ್ನು ನಿಲ್ಲಿಸಿದಾಗ ಅದನ್ನೇ ನಂಬಿದ್ದ ಅಲ್ಲಿನ ಪೊಲೀಸ್ ಇಲಾಖೆಗಳು ಹೊಸ ಮಾದರಿ ಹುಡುಕಬೇಕಾಯಿತು. ಮಾದರಿ ನಿಂತ ಮೇಲೆ ಬಿಡಿಭಾಗಕ್ಕೆ ಪರದಾಟ ಶುರು; ಕೊನೆಗೆ ಒಂದು ಗಾಡಿ ಉಳಿಸಲು ಇನ್ನೊಂದರ ಭಾಗ ಕಳಚುವ ಸ್ಥಿತಿ. ಪ್ರತಿವರ್ಷ ಸ್ವಲ್ಪ ಸ್ವಲ್ಪ ಕೊಳ್ಳುವ ಇಲಾಖೆಯ ಬಳಿ ನಾಲ್ಕಾರು ಮಾದರಿಗಳು ಸೇರಿ ಕಾರ್ಯಾಗಾರಕ್ಕೆ ತಲೆನೋವಾಗುತ್ತದೆ ಎಂಬ ಆಕ್ಷೇಪದಲ್ಲಿ ತಥ್ಯವಿದೆ. ಆದರೆ ಒಂದೇ ಮಾದರಿಗೆ ಇಡೀ ನಗರವನ್ನು ಒತ್ತೆಯಿಡುವುದಕ್ಕಿಂತ ಈ ತಲೆನೋವು ಮೇಲು.

ಕೋಲ್ಕತ್ತ ಬೇರೆ ಹಾದಿ ಹಿಡಿದಿದೆ. 2021ರಲ್ಲಿ ಅಲ್ಲಿನ ಪೊಲೀಸರಿಗೆ 226 ವಿದ್ಯುತ್ ಕಾರುಗಳನ್ನು ಕೊಳ್ಳದೆ ಬಾಡಿಗೆಗೆ ಪಡೆಯಲು ತೀರ್ಮಾನಿಸಲಾಯಿತು. ಬಾಡಿಗೆಯಲ್ಲಿ ಅವಧಿ ಮುಗಿದ ದಿನ ಗಾಡಿ ತಾನಾಗಿ ಹೊರಹೋಗುತ್ತದೆ. ಬೆಂಗಳೂರು ಇದನ್ನು ಪರಿಶೀಲಿಸಬಹುದು. ಮೂರು ಪಾಳಿ ಓಡುವ ಗಾಡಿಗೆ ಚಾರ್ಜಿಂಗ್‌ಗೆ ಬಿಡುವು ಎಲ್ಲಿ ಎಂಬ ಪ್ರಶ್ನೆಗೆ ಮೊದಲು ಉತ್ತರ ಬೇಕು.

ಲೆಕ್ಕಕ್ಕೆ ಬೇಕಾದ್ದು ಕೈಯಲ್ಲೇ ಇದೆ

ಈ ಎಲ್ಲಕ್ಕೂ ಹೊಸ ಸಮಿತಿ ಬೇಕಿಲ್ಲ. ಪ್ರತಿ ವಾಹನದ ನೋಂದಣಿ ದಿನಾಂಕ ಕೇಂದ್ರದ 'ವಾಹನ್' ದತ್ತಾಂಶದಲ್ಲಿದೆ. 2019ರಲ್ಲಿ ರಾಜ್ಯಕ್ಕೆ ಬಂದ 112 ತುರ್ತು ಸ್ಪಂದನ ವ್ಯವಸ್ಥೆಯ ವಾಹನಗಳಲ್ಲಿ ಸ್ಥಳಸೂಚಕ ಸಾಧನಗಳಿವೆ. ಯಾವ ಗಾಡಿ ಎಲ್ಲಿದೆ ಎಂದು ನಿಯಂತ್ರಣ ಕೊಠಡಿಯ ಪರದೆ ತೋರುತ್ತದೆ. ಓಡಿದ್ದೆಷ್ಟು, ನಿಂತದ್ದೆಷ್ಟು ಎಂಬುದು ಅದೇ ಮಾಹಿತಿಯಿಂದ ಹೊರಡುತ್ತದೆ. ದುರಸ್ತಿಯ ಬಿಲ್ಲುಗಳು ಎಂ.ಟಿ. ವಿಭಾಗದ ಕಡತದಲ್ಲಿವೆ. ಮೂರನ್ನೂ ಒಂದು ಹಾಳೆಗೆ ತಂದರೆ ಯಾವ ಗಾಡಿ ಈ ವರ್ಷ, ಯಾವುದು ಬರುವ ವರ್ಷ, ಯಾವುದು 2030ರಲ್ಲಿ ಹೊರಹೋಗಬೇಕು ಎಂಬ ಪಟ್ಟಿ ಸಿದ್ಧವಾಗುತ್ತದೆ.

ನಿರ್ಭಯಾ ನಿಧಿಯಡಿ ಬೆಂಗಳೂರಿಗೆ 667 ಕೋಟಿ ರೂ.ಗಳ ಸುರಕ್ಷಿತ ನಗರ ಯೋಜನೆ ಮಂಜೂರಾಗಿ ಬೀದಿಬೀದಿಗಳಲ್ಲಿ ಕ್ಯಾಮೆರಾ ಬಂದಿವೆ. ಕ್ಯಾಮೆರಾ ಕಂಡದ್ದನ್ನು ಕೊಠಡಿಗೆ ತಿಳಿಸುತ್ತದೆ, ಕೊಠಡಿ ಹತ್ತಿರದ ಗಾಡಿಗೆ ತಿಳಿಸುತ್ತದೆ. ಆ ಗಾಡಿ ಕಾರ್ಯಾಗಾರದಲ್ಲಿದ್ದರೆ ಪಕ್ಕದ ಠಾಣೆಯದು ಬರಬೇಕು; ಆಗ ಎರಡು ಸರಹದ್ದುಗಳಿಗೆ ಒಂದೇ ಗಾಡಿ. ಕರೆ ಮಾಡಿದವರಿಗೆ ಇದು ತಿಳಿಯುವುದಿಲ್ಲ. ತಡವಾದದ್ದು ಮಾತ್ರ ತಿಳಿಯುತ್ತದೆ, ಬೈಗುಳ ಚಾಲಕ ಕಾನ್‌ಸ್ಟೆಬಲ್‌ಗೆ ಬೀಳುತ್ತದೆ.

ಪ್ರತಿವರ್ಷ ಬಜೆಟ್ ತಯಾರಿಗೆ ಮುನ್ನ ಇಲಾಖೆಗಳು ತಮ್ಮ ಬೇಡಿಕೆ ಕಳುಹಿಸುತ್ತವೆ. ಗೃಹ ಇಲಾಖೆಯ ಬೇಡಿಕೆಯ ಜೊತೆ ವಾಹನಗಳ ಇಸವಿವಾರು ಪಟ್ಟಿಯೊಂದನ್ನು ಲಗತ್ತಿಸಿ ಸದನದ ಮುಂದಿಟ್ಟರೆ, 'ಹೊಸ ವಾಹನ ಎಷ್ಟು ಕೊಟ್ಟಿರಿ' ಎಂದು ಮಾತ್ರ ಕೇಳುವ ಶಾಸಕರು 'ಈ ವರ್ಷ ಹೋಗಬೇಕಿದ್ದವು ಎಷ್ಟು, ಹೋದವು ಎಷ್ಟು' ಎಂದೂ ಕೇಳಬಹುದು. ಇಲಾಖೆ ಆ ಪಟ್ಟಿಯನ್ನು ಯಾವಾಗ ಹೊರಗಿಡುತ್ತದೆ ಎಂಬುದೇ ಈಗ ಉಳಿದಿರುವ ಪ್ರಶ್ನೆ.